ಕಳೆದುಹೋದ ಮಗನ ಪಾತ್ರ

ಹೂಂಗುಟ್ಟುವವರಿದ್ದರೆ ಹೇಳುತ್ತೇನೆ, ಇಲ್ಲದಿದ್ದರೂ ಹೇಳುತ್ತೇನೆ. ಫಕೀರವ್ವ ಅಂತ ಒಬ್ಬಳು. ಅವಳಿಗೊಂದು ನಾಟಕ ಕಂಪನಿ, ಒಬ್ಬ ಮಗ, ಗದಿಗ್ಯಾ. ಕಂಪನಿಯ ತಗಡಿಗೆ ನೂರು ತೂತು. ಮಗನ ತಲೆಗೆ ಒಂದೇ, ಆದರೆ ದೊಡ್ಡದು.

ಕಂಪನಿ ನಡೆಸುತ್ತಿದ್ದ ಗಂಡ ಇದ್ದಷ್ಟು ದಿನ ಫಕೀರವ್ವನಿಗೆ ಸಿಕ್ಕಿದ್ದು ದಾಸಿಯ ಪಾತ್ರ, ಒಂದೇ ಮಾತು: “ಅಮ್ಮಾವ್ರ, ಯಾರೋ ಬಂದಾರ್ರೀ.” ಈಗ ಕಂಪನಿ ಅವಳದು. ಕಳೆದುಹೋದ ಮಗ ಮರಳಿ ಬರುವ ನಾಟಕವೊಂದನ್ನು ಬರೆಸಿಟ್ಟುಕೊಂಡಿದ್ದಳು. ಕೊನೆಯ ಅಂಕದಲ್ಲಿ ತಾಯಿ ಎರಡೂ ತೋಳು ಚಾಚಿ “ಬಂದೆಯಾ ಮಗನೇ!” ಅನ್ನಬೇಕು, ಊರಿಗೆ ಊರೇ ಅಳಬೇಕು. ಸಾಯುವುದರೊಳಗೆ ಆ ತಾಯಿಯ ಪಾತ್ರ ಒಮ್ಮೆ ಮಾಡಬೇಕು. ಅಷ್ಟೇ ಅವಳ ಆಸೆ.

ಪಾತ್ರಗಳಿಗೆ ಜನ ಹೊಂದಿಸುವ ಕೆಲಸ ಗದಿಗ್ಯಾನದು. ಉಳಿದ ಕೆಲಸವನ್ನೆಲ್ಲ ಅವನು ಕೆಡಿಸಿಯಾಗಿತ್ತು.

ಮೊದಲು ಬಂದದ್ದು ಸಿದ್ದಿ ವೀರನ ನಾಟಕ.

“ಸಿದ್ದಿ ಹೆಂಗಿರತಾನ ಯವ್ವಾ?”

“ಕಪ್ಪಗ, ಗುಂಗುರುಗೂದಲು. ಜಲ್ದಿ ಒಬ್ಬನ್ನ ತಯಾರು ಮಾಡು!”

ಮಾಡಿದ. ಬೆಳ್ಳಗಿನ ತಬಲದವನನ್ನು ಹಿಡಿದು ಬೋಗುಣಿಯ ಮಸಿ ಬಳಿದ, ತಲೆಗೆ ಕುರಿಯುಣ್ಣೆ ಅಂಟಿಸಿದ. ಮುಂದಿನ ಸಾಲಿನಲ್ಲಿ ಹಳಿಯಾಳ ಕಾಡಿನ ಕಡೆಯ ಸಿದ್ದಿ ಜನದ ಹುಡುಗ ಇನಾಸ ಕೂತಿದ್ದ. ಎದ್ದು ನಿಂತ.

“ಅಣ್ಣಾ, ಮಸಿ ತೊಳಕೊಂಡು ಬಾ. ನಮ್ಮ ಪಾತ್ರ ಮಾಡಾಕ ನಾವೇನು ಸತ್ತೇವೇನು?”

ಪರದೆ ಬಿತ್ತು. ಫಕೀರವ್ವ ಹಣೆ ಹಣೆ ಬಡಿದುಕೊಂಡಳು. “ಮಂದಿ ಮೈಬಣ್ಣ ಅಂದ್ರ ಹಚ್ಚಿ ತೊಳಿಯೋ ವೇಷ ಏನಲೇ? ಯಾರ ಪಾತ್ರನೋ ಅವರನ್ನ ಕರಕೊಂಡು ಬರಬೇಕು!”

“ಹಂಗ ಆಗ್ಲಿ ಯವ್ವಾ!”

ಇನಾಸ ಕಂಪನಿ ಸೇರಿದ. ತಪ್ಪಿಸಿಕೊಂಡ ಎಮ್ಮೆ ಹುಡುಕಲು ಮನೆ ಬಿಟ್ಟವನು, ನಾಟಕ ನೋಡಿ ಎಮ್ಮೆ ಮರೆತಿದ್ದ. ಬಾಯಿ ತೆರೆದರೆ ಹಿಂದಿನ ಸಾಲಿನವರೂ ಶೇಂಗಾ ತಿನ್ನುವುದು ಬಿಡಬೇಕು, ಅಂಥ ದನಿ.

ಮುಂದೆ ಕಳ್ಳನ ಪಾತ್ರ. ಯಾರ ಪಾತ್ರವೋ ಅವರನ್ನೇ! ಗದಿಗ್ಯಾ ಹೋಗಿ ಹೆಸರುವಾಸಿ ಕಳ್ಳನನ್ನೇ ಕರೆತಂದ. ಕಳ್ಳ ಬೆಕ್ಕಿನ ಹಾಗೆ ಬಂದ, ಕಿರೀಟ ಎತ್ತಿದ, ಗದೆ ಎತ್ತಿದ, ಸಿಂಹಾಸನದ ಮಖಮಲ್ಲು ಸುತ್ತಿಕೊಂಡ. ಜನರದು ಚಪ್ಪಾಳೆಯೋ ಚಪ್ಪಾಳೆ. ಕೊನೆಗೆ ಪೆಟ್ರೋಮ್ಯಾಕ್ಸನ್ನೂ ಎತ್ತಿಕೊಂಡು ಹೋದ. ಚಪ್ಪಾಳೆ ಕತ್ತಲಲ್ಲೇ ನಡೆಯಿತು.

“ಖೋಡೀ! ಕಳ್ಳನ ಪಾತ್ರಕ್ಕ ಕಳ್ಳನ್ನ ತರತಾರೇನಲೇ?”

“ನೀನ ಅಂದ್ಯಲ್ಲ ಯವ್ವಾ!”

“ಖರೇ ಯಾರು ಏನು ಅಂತ ಮೂಲ ಕೇಳಬ್ಯಾಡ! ಯಾರಿಗೆ ಚಂದ ಮಾಡಾಕ ಬರತೈತಿ, ಅವರನ್ನ ನೋಡು!”

“ಹಂಗ ಆಗ್ಲಿ ಯವ್ವಾ!”

ಮುಂದೆ ತೊಟ್ಟಿಲ ಕೂಸಿನ ಪಾತ್ರ. ಅಳುವುದಷ್ಟೇ ಕೆಲಸ. ಕಂಪನಿಯಲ್ಲಿ ಎಲ್ಲರಿಗಿಂತ ಚಂದ ಅಳುವವರು ಯಾರು? ಹಾರ್ಮೋನಿಯಂ ಮಾಸ್ತರರು! ಗಿರಿಜಾ ಮೀಸೆಯ ಮುದುಕ ಮಾಸ್ತರರು ತಲೆಗೆ ಕೂಸಿನ ಕುಲಾವಿ ಕಟ್ಟಿಕೊಂಡು ತೊಟ್ಟಿಲಲ್ಲಿ ಮಲಗಿ ಅತ್ತರು. ಚಂದವೇ ಅತ್ತರು. ತೊಟ್ಟಿಲ ಹಗ್ಗ ಹರಿದ ಮೇಲೆ ಇನ್ನೂ ಚಂದ ಅತ್ತರು.

“ನಿನ್ನ ತಲಿಯಾಗ ಹೊಟ್ಟು ತುಂಬೈತೇನಲೇ? ನೋಡಿದವರು ನಂಬಬೇಕು! ತಾಯಿ ಮಗ ಅಂದ್ರ ಒಂದ ರಕ್ತದವರ ಹಂಗ ಕಾಣಬೇಕು!”

“ಹಂಗ ಆಗ್ಲಿ ಯವ್ವಾ!”

ಆ ಮಾತೊಂದನ್ನು ನುಂಗಿಕೊಂಡಿದ್ದರೆ ಫಕೀರವ್ವ ಗೆದ್ದಿದ್ದಳು.

ಕಡೆಗೂ ಅವಳ ನಾಟಕ ಬಂತು. ಮಗನ ಪಾತ್ರವನ್ನು ಇನಾಸನಿಗೆ ಅವಳೇ ಕೊಟ್ಟಳು; ಆ ದನಿ ಬೇರೆ ಯಾರಿಗಿತ್ತು? ತಾಲೀಮಿನಲ್ಲಿ ಗದಿಗ್ಯಾ ಇನಾಸನನ್ನು ನೋಡಿದ, ತಾಯಿಯನ್ನು ನೋಡಿದ. ಒಂದೇ ರಕ್ತದವರ ಹಾಗೆ ಕಾಣಲಿಲ್ಲ. ಸದ್ದಿಲ್ಲದೆ ಹಳಿಯಾಳದ ಬಸ್ಸು ಹತ್ತಿದ.

ಆಟದ ದಿನ. ಇನಾಸ ರಂಗದ ನಡುವೆ ಮೊಣಕಾಲೂರಿ “ಅಮ್ಮಾ, ಬಂದೆನಮ್ಮಾ!” ಅಂದ. ಬಿಳಿಕೂದಲು ಕಟ್ಟಿಕೊಂಡು ಪರದೆಯ ಮರೆಯಲ್ಲಿದ್ದ ಫಕೀರವ್ವ ಹೆಜ್ಜೆ ಎತ್ತುವಷ್ಟರಲ್ಲಿ, ಆಚೆ ಬದಿಯಿಂದ ಇನಾಸನ ಖರೇ ತಾಯಿ ರಂಗಕ್ಕೆ ಬಂದಳು.

“ಬಂದ್ಯಾ? ಎಮ್ಮಿ ಎಲ್ಲೈತೋ?”

ಕಿವಿ ಹಿಡಿದಳು, ಎಬ್ಬಿಸಿದಳು, ನಡೆಸಿಕೊಂಡು ಹೋದಳು. ನಾಯಕ ಹೋದ. ಊರಿಗೆ ಊರೇ ಅತ್ತಿತು, ನಕ್ಕು ನಕ್ಕು.

ಫಕೀರವ್ವ ಬಿಡುವವಳಲ್ಲ. ರಂಗಕ್ಕೆ ನುಗ್ಗಿದಳು, ತೋಳು ಚಾಚಿದಳು. “ಅವ ನನ್ನ ಮಗನಲ್ಲ! ನನ್ನ ಮಗ ಇನ್ನೂ ಬರಬೇಕು! ಎಲ್ಲಿರುವೆ, ಬಾರೋ ಮಗನೇ!” ಅಂದು ಮರೆಯಲ್ಲಿದ್ದ ಗದಿಗ್ಯಾನಿಗೆ ಕಣ್ಣಲ್ಲೇ ಸನ್ನೆ ಮಾಡಿದಳು. ಜನ ಗಪ್ಪಾದರು. ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗು ಕಣ್ಣಿಗೊತ್ತಿಕೊಂಡಳು. ಹಡೆದ ತಾಯಿ, ಹೊಟ್ಟೆಯ ಮಗ, ಇಬ್ಬರದೂ ಒಂದೇ ಮೂಗು. ಅವನು ಬಂದು ತೋಳಿಗೆ ಬಿದ್ದರೆ ಸಾಕು!

ಗದಿಗ್ಯಾ ಬರಲಿಲ್ಲ.

“ಬಾರಲೇ!” ಹಲ್ಲು ಕಚ್ಚಿ ಅಂದಳು.

“ಅದ್ಹೆಂಗ ಬರ್ಲಿ ಯವ್ವಾ? ಇದು ಕಳದ ಹೋದ ಮಗನ ಪಾತ್ರ. ನಾ ಎಲ್ಲಿ ಕಳದ ಹೋಗೇನಿ? ಯಾರ ಪಾತ್ರನೋ ಅವರ ಮಾಡಬೇಕು! ತಡಿ, ಕಳದ ಹೋಗಿ ಬರ್ತೀನಿ!”

ಓಡಿಯೇ ಬಿಟ್ಟ.

ಸಿಕ್ಕಸಿಕ್ಕವರನ್ನೆಲ್ಲ “ಅಣ್ಣಾರ, ಕಳದ ಹೋಗಾಕ ದಾರಿ ಯಾವುದ್ರೀ?” ಅಂತ ಕೇಳಿದ. ಸಿಕ್ಕಸಿಕ್ಕವರೆಲ್ಲ “ನೀ ಫಕೀರವ್ವನ ಮಗ ಅಲ್ಲೇನೋ?” ಅಂತ ಕೈಹಿಡಿದು ತಂದು ಅವಳ ಮುಂದೆಯೇ ನಿಲ್ಲಿಸಿದರು.

ಅವಳ ತೋಳು ಇನ್ನೂ ಚಾಚಿಯೇ ಇತ್ತು. ಈಗ ಅದರಲ್ಲಿ ಕಸಬರಿಗೆ ಇತ್ತು.