ಮೂರು ಗಳಿಗೆ ಬೆಳಕು ಕದ್ದವನು

ಹತ್ತಿರ ಬನ್ನಿ ಮಕ್ಕಳೇ, ಇನ್ನೂ ಹತ್ತಿರ. ನೂಲಾಪುರ ಅಂತ ಒಂದು ರಾಜ್ಯವಿತ್ತು. ಮನೆಗೊಂದು ಮಗ್ಗ. ಅಲ್ಲಿ ಎಲ್ಲವೂ ಅರಮನೆಯ ಗಂಟೆ ಪ್ರಕಾರ. ಬೆಳಗಿನ ಗಂಟೆಗೆ ಬಾಗಿಲು ತೆಗೆದು, ಉಂಡು, ಕೆಲಸಕ್ಕೆ ಕೂರಬೇಕು. ಸಂಜೆ ಗಂಟೆಗೆ ಎದ್ದು ಉಣ್ಣಬೇಕು. ನಡುವೆ ಒಂದು ತುತ್ತೂ ಇಲ್ಲ. ದೊರೆಗೂ ಅದೇ ಕಟ್ಟಳೆ.

ಚಳಿಗಾಲ ನೋಡಿ ಯಾವನೋ ಮುತ್ತಾತ ಇಟ್ಟ ಹೊತ್ತು ಅದು. ಬೇಸಿಗೆಯಲ್ಲೂ ಅದನ್ನೇ ಹಿಡಿದುಕೊಂಡಿದ್ದರು, ಪೆದ್ದರು! ಸೂರ್ಯ ಬೇಗ ಬಂದು ಬಾಗಿಲಲ್ಲಿ ನಿಂತರೂ ಜನ ಒಳಗೆ ಆಕಳಿಸುತ್ತಿದ್ದರು. ಸಂಜೆ ಕತ್ತಲಾದ ಮೇಲೂ ದೀಪ ಹಚ್ಚಿಕೊಂಡು ನೇಯುತ್ತಿದ್ದರು.

ಸಂಕವ್ವ ಎಂಬ ನೇಕಾರ ಹೆಂಗಸಿನ ಕಣ್ಣು ದೀಪದ ಹೊಗೆಗೆ ಮಂಜಾಗುತ್ತಿತ್ತು. ಅದು ಪೂರ್ತಿ ಹೋಗುವ ಮೊದಲು, ಬೆಳಕಿರುವಾಗ ಮಗಳ ತಲೆ ಬಾಚಬೇಕು ಅಂತ ಅವಳ ಆಸೆ. ಧೈರ್ಯ ಮಾಡಿ ದೊರೆಯ ಹತ್ತಿರ ಹೋದಳು.

"ಬುದ್ಧೀ, ಬೇಸಿಗೆ ಮುಗಿಯೋ ತನಕ ಬೆಳಗಿನ ಗಂಟೆ, ಸಂಜೆ ಗಂಟೆ ಎರಡನ್ನೂ ಮೂರು ಗಳಿಗೆ ಮುಂಚೆ ಬಾರಿಸ್ಲಿ. ಬೆಳಗಿನ ಬೆಳಕು ದಂಡ ಆಗಲ್ಲ, ಸಂಜೆ ದೀಪ ಬೇಕಾಗಲ್ಲ. ಎಣ್ಣೆ ಉಳಿಯುತ್ತೆ, ನಮ್ಮ ಕಣ್ಣೂ ಉಳಿಯುತ್ತೆ."

"ಭೇಷ್, ಹಾಗೇ ಆಗ್ಲಿ!" ಅಂದ ದೊರೆ.

ಆದರೆ ಗಂಟೆ ನೋಡಿಕೊಂಡು, ಮನೆಮನೆಯ ಬಟ್ಟೆಯನ್ನೂ ಕೂಡಿಸಿ ತರುತ್ತಿದ್ದ ದ್ಯಾಮಣ್ಣ ಮಹಾ ಕಳ್ಳ. ಬೆಳಗಿನ ಗಂಟೆ ಮುಂಚೆ ಬಾರಿಸಿದ, ಸಂಜೆಯದನ್ನು ಹಳೇ ಹೊತ್ತಿಗೇ ಬಾರಿಸಿದ. ಹೆಚ್ಚಿಗೆ ನೇಯ್ದ ಬಟ್ಟೆ ಸದ್ದಿಲ್ಲದೆ ಅವನ ಉಗ್ರಾಣ ಸೇರಿತು.

ಮೊದಲನೇ ದಿನ ಸಂಕವ್ವ ಕೇಳಿದಳು, "ಯಾಕಣ್ಣಾ, ಸಂಜೆ ಗಂಟೆ ಬಾರಿಸಿಲ್ಲ?"

"ಹೊತ್ತು ಅಳೆಯೋ ಗಳಿಗೆ ಬಟ್ಟಲು ನೀರಲ್ಲಿ ಇನ್ನೂ ಮುಳುಗಿಲ್ಲಮ್ಮ."

ಎರಡನೇ ದಿನ ಕೇಳಿದಳು. "ಬಿಸಿಲಿಗೆ ಬಟ್ಟಲಿಗೂ ಸೋಮಾರಿತನ ಕಣಮ್ಮ."

ಮೂರನೇ ದಿನ ಕೇಳಿದಳು. "ಹೋಗೇ, ಹೊತ್ತಿನ ವಿಷಯ ನಿನಗೇನು ಗೊತ್ತು?"

ನಾಲ್ಕನೇ ದಿನ ಅವಳು ನೆಟ್ಟಗೆ ಅರಮನೆಗೆ ನಡೆದಳು. ದೊರೆ ಮುಖ ಕಿವುಚಿಕೊಂಡು ಕಷಾಯ ಕುಡಿಯುತ್ತಿದ್ದ.

"ಬುದ್ಧೀ, ಸಂಜೆ ಗಂಟೆ ಮುಂಚೆ ಆಗೇ ಇಲ್ಲ."

"ಸುಳ್ಳು, ಮಹಾಪ್ರಭು!" ಕೂಗಿದ ದ್ಯಾಮಣ್ಣ. "ಎರಡನ್ನೂ ಮುಂಚೇನೇ ಬಾರಿಸ್ತಿದ್ದೀನಿ."

ಸಂಕವ್ವ ಕಷಾಯದ ಲೋಟ ನೋಡಿದಳು. "ಅದು ಯಾತಕ್ಕೆ ಬುದ್ಧೀ?"

"ಮೂರು ದಿನದಿಂದ ಏನೋ ರೋಗ ಕಣಮ್ಮ. ಸಂಜೆ ಊಟಕ್ಕೆ ಮುಂಚೆ ಹೊಟ್ಟೇಲಿ ತಾಳಲಾರದ ಸಂಕಟ."

"ರೋಗ ಅಲ್ಲ ಬುದ್ಧೀ, ಹಸಿವು! ಬೆಳಗಿನ ಊಟ ಮುಂಚೆ ಆಯ್ತು, ಸಂಜೆಯದು ಮುಂಚೆ ಆಗ್ಲಿಲ್ಲ. ನಡುವಿನ ಮೂರು ಗಳಿಗೆ ಈ ಅಣ್ಣನ ಉಗ್ರಾಣದಲ್ಲಿ ಬಟ್ಟೆಯಾಗಿ ಕೂತಿದೆ."

ದೊರೆ ಕಷಾಯ ಎಸೆದ. ಉಗ್ರಾಣ ತೆಗೆಸಿ, ಬಟ್ಟೆಯನ್ನೆಲ್ಲ ನೇಯ್ದವರಿಗೇ ಹಂಚಿಸಿದ. ದ್ಯಾಮಣ್ಣನಿಗೆ ಶಿಕ್ಷೆ ಏನು ಗೊತ್ತೇ? ಬೇಸಿಗೆ ಮುಗಿಯುವ ತನಕ ಸಂಜೆ ಗಂಟೆ ಬಾರಿಸಿ, ಎಲ್ಲರೂ ಉಣ್ಣುವುದನ್ನು ನೋಡುತ್ತ, ಮೂರು ಗಳಿಗೆ ಕಾದು ಆಮೇಲೆ ಉಣ್ಣಬೇಕು!

ಅವತ್ತು ಸಂಜೆ ಗಂಟೆ ಬಾರಿಸಿದಾಗ ಇನ್ನೂ ಬೆಳಕಿತ್ತು. ಅಬ್ಬಾ, ಊರಿಗೆ ಊರೇ ನೆಮ್ಮದಿಯ ಉಸಿರು ಬಿಟ್ಟಿತು. ಸಂಕವ್ವ ಮಗಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಬಾಚಣಿಗೆ ಹಿಡಿದಳು.

"ಅಯ್ಯೋ, ನಿನ್ನ ಕತ್ತಿನ ಹಿಂದೆ ಇಲ್ಲೊಂದು ಮಚ್ಚೆ ಇದೆಯಲ್ಲೇ!"

"ಹುಟ್ಟಿದಾಗಿನಿಂದ ಇದೆ ಕಣವ್ವಾ," ಅಂದಳು ಮಗಳು. ಇಬ್ಬರೂ ನಕ್ಕರು, ಸಂಕವ್ವ ಸ್ವಲ್ಪ ಅತ್ತಳು ಕೂಡ.

ಅಂದಿನಿಂದ ನೂಲಾಪುರದಲ್ಲಿ ಬೇಸಿಗೆ ಬಂದರೆ ಗಂಟೆ ಮುಂಚೆ, ಚಳಿ ಬಂದರೆ ಮತ್ತೆ ಹಳೇ ಹೊತ್ತಿಗೆ. ಬೆಳಕು ಉಳಿಸುವುದು ಒಳ್ಳೆಯದೇ ಮಕ್ಕಳೇ. ಆದರೆ ಉಳಿದ ಬೆಳಕು ದುಡಿದವರಿಗೇ ಸೇರಬೇಕು. ಇನ್ನೊಬ್ಬರ ಹೊತ್ತು ಕದ್ದವನು ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತಾನೆ.