ತಿರುಗುವ ಹರಿಗೋಲು

ತುಂಗಭದ್ರೆಯ ದಡದಲ್ಲಿ ಒಂದು ಸಣ್ಣ ಮಠ. ಅಲ್ಲಿನ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರಿಗೆ ಪಂಪಯ್ಯ ಎಂಬ ಶಿಷ್ಯ.

ಸೋಮವಾರ ಸಂಜೆಯಾದರೆ ಪಂಪಯ್ಯ ತಾನೇ ಹರಿಗೋಲು ನಡೆಸಿಕೊಂಡು ಆಚೆ ದಡದ ಹಳ್ಳಿಗೆ ಹೋಗಿ ತತ್ವಪದ ಹಾಡುತ್ತಿದ್ದ. ಹಾಡೆಂದರೆ ಅವನಿಗೆ ಪ್ರಾಣ.

ಹೋದ ವರ್ಷ ಅವನ ತಲೆಯೊಳಗೆ, ಎಡಗಿವಿಯ ನರದ ಮೇಲೆ, ಒಂದು ಗಡ್ಡೆ ಕಾಣಿಸಿತು. ಕ್ಯಾನ್ಸರ್ ಅಲ್ಲ ಎಂದರು ಡಾಕ್ಟರು. ರೇಡಿಯೇಷನ್ ಕೊಟ್ಟರು. ಗಡ್ಡೆ ಬೆಳೆಯುವುದು ನಿಂತಿತು. ಗೆದ್ದು ಬಂದೆಯಪ್ಪಾ ಎಂದು ಊರೆಲ್ಲ ಬೆನ್ನು ತಟ್ಟಿತು.

ಆದರೆ ಕಿವಿಯಲ್ಲಿ ಗುಂಯ್ ಎನ್ನುವುದು ನಿಲ್ಲಲಿಲ್ಲ. ಥಟ್ಟನೆ ಹೊರಳಿದರೆ ನೆಲವೇ ಓಲಾಡುತ್ತಿತ್ತು. ನೋಡುವವರ ಕಣ್ಣಿಗೆ ಮಾತ್ರ ಗುಂಡುಕಲ್ಲಿನ ಹಾಗಿದ್ದ. ಯಾರ ಮುಂದೆ ಹೇಳಿಕೊಳ್ಳುವುದು?

ಬೇಸಿಗೆ ಬಂದರೂ ಅವನು ಹೊಳೆ ದಾಟಲಿಲ್ಲ. ಒಂದು ಸೋಮವಾರ ತನ್ನ ಏಕತಾರಿಯನ್ನು ತಂದು ಅಜ್ಜಾರ ಮುಂದಿಟ್ಟ.

“ಇದನ್ನ ಬ್ಯಾರೆಯವರಿಗೆ ಕೊಡ್ರಿ ಅಜ್ಜಾರ. ನನ್ನ ಕೈಲಿ ಆಗಂಗಿಲ್ಲ.”

“ಡಾಕ್ಟರು ಹಾಡಬ್ಯಾಡ ಅಂದಾರೇನು?”

“ಇಲ್ರಿ. ಮೂಲಿ ಹಿಡದು ಕುಂದ್ರಬ್ಯಾಡ, ಅಡ್ಡಾಡು, ನಿನ್ನ ಕೆಲಸ ಮಾಡು ಅಂದಾರ. ಈ ಗುಂಯ್ ಅನ್ನೂದು ಕಡಿಮಿ ಆಗಬಹುದು, ಒಂಚೂರು ಉಳೀಲೂಬಹುದು ಅಂತಾರ.”

“ಮತ್ತ?”

“ಅದು ಪೂರಾ ನಿಲ್ಲಲಿ. ಆಮ್ಯಾಲೆ ಹಾಡತೀನ್ರಿ. ನಿಲ್ಲಲಿಲ್ಲಂದ್ರ...” ಪಂಪಯ್ಯ ಏಕತಾರಿಯನ್ನು ಇನ್ನಷ್ಟು ಮುಂದಕ್ಕೆ ಸರಿಸಿದ.

ಅಜ್ಜಾರು ಏಕತಾರಿಯನ್ನು ಬಗಲಿಗೇರಿಸಿ ಎದ್ದರು. “ನಡಿ, ಆಚೆ ದಂಡಿಗೆ ಹೋಗಿ ಯಾರಿಗರೆ ಕೊಟ್ಟು ಬರೂಣು. ಹುಟ್ಟು ನೀನ ಹಾಕು.”

ಹೊಳೆಯಲ್ಲಿ ಸೊಂಟಮಟ್ಟದ ನೀರು. ನಡುಹೊಳೆಗೆ ಬಂದಾಗ ಹರಿಗೋಲು ತನ್ನ ಜಾಯಮಾನದಂತೆ ತಿರುಗತೊಡಗಿತು. ಅದರ ಜೊತೆ ಪಂಪಯ್ಯನ ತಲೆಯೂ.

“ತಡಿ,” ಎಂದರು ಅಜ್ಜಾರು. “ಮೊದಲ ಈ ತಿರುಗೂದು ನಿಲ್ಲಸು. ಆಮ್ಯಾಲೆ ಮುಂದ ಹೋಗೂಣು.”

ಪಂಪಯ್ಯ ಗುರುವಿನ ಮಾತು ಮೀರುವವನಲ್ಲ. ಹುಟ್ಟನ್ನು ಹಿಂದಕ್ಕೊತ್ತಿದ. ಹರಿಗೋಲು ಆ ಕಡೆಯಿಂದ ಈ ಕಡೆಗೆ ತಿರುಗಿತು. ಎಡಕ್ಕೆ ಎಳೆದ, ಬಲಕ್ಕೆ ಎಳೆದ. ಅದು ತಿರುಗುತ್ತಲೇ ಇತ್ತು, ಸೆಳವಿನಲ್ಲಿ ಕೆಳಗೂ ಜಾರುತ್ತಿತ್ತು. ಅಜ್ಜಾರು ತಮಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಕೊಕ್ಕರೆ ನೋಡುತ್ತ ಕೂತಿದ್ದರು.

ಬೆವರು ಕಿತ್ತುಬಂದ ಪಂಪಯ್ಯನಿಗೆ ರೇಗಿಹೋಯಿತು.

“ಹರಿಗೋಲು ತಿರುಗೂದು ಎಲ್ಲೆರೆ ನಿಂದ್ರತೈತೇನ್ರಿ ಅಜ್ಜಾರ? ದುಂಡಗ ಐತಿ, ತಿರುಗತೈತಿ! ಅದನ್ನ ನಿಲ್ಲಸಾಕ ಕುಂತ್ರ ಇಲ್ಲೇ ಇರತೀವಿ. ದಂಡಿ ನೋಡಿ ಹುಟ್ಟು ಹಾಕಬೇಕ್ರಿ.”

“ಹಂಗೇನು? ಹಂಗಾರ ಹಾಕು.”

ಪಂಪಯ್ಯ ಹಣೆಯ ಬೆವರು ಒರೆಸಿಕೊಂಡ. ಆಮೇಲೆ ಆಚೆ ದಡದ ಬೇವಿನ ಮರದ ಮೇಲೆ ಕಣ್ಣು ನೆಟ್ಟು ಹುಟ್ಟು ಹಾಕತೊಡಗಿದ.

ಬೇವಿನ ಕೆಳಗೆ ಚಾಪೆ ಹಾಸಿತ್ತು. ಅವನ ಹಾಡು ಕೇಳಲು ಬರುತ್ತಿದ್ದ ತಿಪ್ಪವ್ವ ಎಂಬ ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. “ಬಂದಿ ಏನೋ ನನ್ನಪ್ಪಾ! ಸೋಮವಾರ ಬಂದ್ರ ಹಾಸತಿದ್ನಿ, ಹೊತ್ತು ಮುಳುಗಿದ್ರ ಸುತ್ತಿಡತಿದ್ನಿ.”

ಅಜ್ಜಾರು ಏಕತಾರಿಯನ್ನು ಬೇರೆ ಯಾರಿಗೂ ಕೊಡಲಿಲ್ಲ. ಪಂಪಯ್ಯನ ಕೈಗೇ ಇಟ್ಟರು.

ಅವನ ಬೆರಳು ತಂತಿಯ ಮೇಲೆ ಹೋಗಿ ನಿಂತಿತು. ಕಣ್ಣು ತುಂಬಿ ಬಂದವು.

“ಕಿವ್ಯಾಗ ಇನ್ನೂ ಗುಂಯ್ ಅಂತೈತ್ರಿ ಅಜ್ಜಾರ.”

ಅಜ್ಜಾರು ಗೂಟಕ್ಕೆ ಸಡಿಲವಾಗಿ ಕಟ್ಟಿದ್ದ ಹರಿಗೋಲಿನತ್ತ ಕೈ ತೋರಿದರು.

“ಅದೂ ಇನ್ನೂ ತಿರುಗಾಕತ್ತೈತಿ ನೋಡು. ನಾವು ಬಂದು ಇಳದೀವಿ.”