ಕೊಳಬಕಕ್ಕೆ ಕೆಸರಿನ ಬಣ್ಣ ಬಂದದ್ದು

ಮಗೂ, ಆಗ ಲೋಕ ಇನ್ನೂ ಹಸಿಯಾಗಿತ್ತು. ಕೆರೆಗಳಿಗೆ ಮೊದಲ ಸಲ ನೀರು ತುಂಬಿತ್ತು. ಆ ಕಾಲದಲ್ಲಿ ಬೆಳ್ಳಕ್ಕಿಗಳು ಗರಿಯ ಉಡುಪು ಕಳಚಿಟ್ಟರೆ ಹೆಂಗಸರಾಗುತ್ತಿದ್ದವು, ತೊಟ್ಟರೆ ಮತ್ತೆ ಹಕ್ಕಿಗಳು.

ಅವರಲ್ಲಿ ಬೆಳ್ಳವ್ವ ಎಂಬವಳು ಕೆರೆದಂಡೆಯ ಕುಂಬಾರ ಮಾಳಿಂಗನನ್ನು ಮೆಚ್ಚಿ ಮದುವೆಯಾದಳು. ಬೆಳಿಗ್ಗೆ ಗರಿ ತೊಟ್ಟು ತನ್ನವರ ಜೊತೆ ಹಾರುವಳು. ಸಂಜೆ ಬಂದು ಗರಿ ಕಳಚಿ ಒಲೆ ಹಚ್ಚುವಳು.

ಮಾಳಿಂಗನಿಗೆ ದಿನವೂ ಒಂದೇ ಭಯ: ಇವತ್ತು ಬಾರದೇ ಹೋದರೆ? ಒಂದು ದಿನ ಅವಳು ನೀರಿಗೆ ಹೋದಾಗ ಗರಿಯ ಉಡುಪನ್ನು ಮಡಿಸಿ, ಮಣ್ಣು ನೆನೆಹಾಕುವ ಗುಂಡಿಯಲ್ಲಿ ಹೂತುಬಿಟ್ಟ.

“ನನ್ನ ಗರಿ ಎಲ್ಲಿ?”

“ಗಾಳಿ ಹೊತ್ತುಕೊಂಡು ಹೋಯ್ತು ಕಣೇ.”

“ನಾನು ಮುಟ್ಟಿಲ್ಲ ತಾಯಿ,” ಎಂದಿತು ಗಾಳಿ. ಬೆಳ್ಳವ್ವ ಗಾಳಿಯನ್ನು ನಂಬಲಿಲ್ಲ, ಗಂಡನನ್ನು ನಂಬಿದಳು.

ಮಗಳು ಚೆನ್ನಿ ಹುಟ್ಟಿದಳು. ಬೆಳ್ಳಕ್ಕಿಗಳು ತಲೆಯ ಮೇಲೆ ಹಾರಿಹೋದಾಗಲೆಲ್ಲ ಬೆಳ್ಳವ್ವ ಕೈಲಿದ್ದ ಕೆಲಸ ಬಿಟ್ಟು ನೋಡುವಳು. ವರ್ಷ ಕಳೆದಂತೆ ಆ ಹಕ್ಕಿಗಳ ಮಾತು ಅವಳಿಗೆ ಮರೆಯುತ್ತ ಬಂತು.

ಚೆನ್ನಿಗೆ ಆರು ತುಂಬಿದಾಗ, ಬೊಂಬೆ ಮಾಡಲು ಗುಂಡಿಯ ಮಣ್ಣು ತೋಡಿದಳು.

“ಅವ್ವಾ, ಮಣ್ಣಲ್ಲಿ ರೆಕ್ಕೆ ಸಿಕ್ತು!”

ಬೆಳ್ಳವ್ವ ಗಂಡನ ಮುಂದೆ ಹೋಗಿ ನಿಂತಳು. ಅವನು ತಿರುಗುತ್ತಿದ್ದ ತಿಗರಿಯನ್ನು ನಿಲ್ಲಿಸಿದ.

“ನೀನು ಹೋಗಿಬಿಡ್ತೀಯ ಅಂತ ಹೆದರಿದೆ.”

“ದಿನಾ ಸಂಜೆ ನಾನಾಗೇ ಬರ್ತಿದ್ದೆನಲ್ಲ,” ಎಂದಳು.

ಕೆರೆಯಲ್ಲಿ ಗರಿ ತೊಳೆದಳು. ತೊಳೆದಳು, ಮತ್ತೂ ತೊಳೆದಳು. ಮಡಿಸಿದ್ದರಿಂದ ಒಳಗೆ ಉಳಿದಿದ್ದ ರೆಕ್ಕೆ ಬಿಳಿಯಾಗೇ ಇತ್ತು. ಬೆನ್ನಿನ ಮಣ್ಣು ಹೋಗಲಿಲ್ಲ, ಕತ್ತಿನ ಮಣ್ಣೂ ಹೋಗಲಿಲ್ಲ. ಹಾಗೆಯೇ ತೊಟ್ಟು ತನ್ನವರ ನಡುವೆ ಹೋಗಿ ಇಳಿದಳು.

“ನಾನು ಬೆಳ್ಳವ್ವ” ಎನ್ನಹೋದಳು. ಗಂಟಲಿಂದ ಹೊರಟದ್ದು ಬರೀ ಒಂದು ಒಡಕು ಕೂಗು.

“ಯಾರೋ ಏನೋ, ನಮ್ಮವಳಲ್ಲ,” ಎನ್ನುತ್ತ ಬೆಳ್ಳಕ್ಕಿಗಳು ಎದ್ದು ಹೋದವು.

ದಂಡೆಗೆ ಮರಳಿ ಗರಿ ಕಳಚಲು ನೋಡಿದಳು. ಮಣ್ಣು ಒಣಗಿ ಮೈಗೆ ಅಂಟಿಬಿಟ್ಟಿತ್ತು. ಅಲ್ಲೇ ಚೆನ್ನಿ ಕೆರೆಯಾಚೆಗೆ ಮುಖಮಾಡಿ “ಬಾರವ್ವಾ, ಬಾರವ್ವಾ” ಎಂದು ಕೂಗುತ್ತಿದ್ದಳು. ಕಾಲ ಬಳಿ ನಿಂತ ಹಕ್ಕಿಯತ್ತ ತಿರುಗಿಯೂ ನೋಡಲಿಲ್ಲ.

ಮಾಳಿಂಗ ನೋಡಿದ. ಗುರುತು ಹಿಡಿದ. ಮಗಳಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಅದಕ್ಕೇ ಮಗೂ, ಕೊಳಬಕ ಇಂದಿಗೂ ಬೆಳ್ಳಕ್ಕಿಗಳ ಗುಂಪು ಸೇರದೆ ಕೆರೆಯಂಚಿನಲ್ಲಿ ಒಂಟಿಯಾಗಿ ನಿಂತಿರುತ್ತದೆ. ನಿಂತಾಗ ಕೆಸರೋ ಹಕ್ಕಿಯೋ ತಿಳಿಯುವುದಿಲ್ಲ, ನೀನು ತೀರ ಹತ್ತಿರ ಹೋದರೆ ಮಾತ್ರ ಅದು ಬೆಳ್ಳನೆಯ ರೆಕ್ಕೆ ಬಿಚ್ಚಿ ಹಾರಿಹೋಗುತ್ತದೆ.